ಹತ್ತೇ ನಿಮಿಷದ ದಾರಿ ಬಿಟ್ಟು ಬಂದೆವು

‘ಇನ್ನು ಹತ್ತೇ ನಿಮಿಷ. ಅಗೋ, ಅಲ್ಲಿ ಬೆಳ್ಳಗೆ ಕಾಣ್ತಿದೆಯಲ್ಲ, ಅದೇ ಕೊನೆ. ಮುಟ್ಟಿ ಬಂದುಬಿಡೋಣ’ ಎಂದು ನಾನು ಹಟ ಹಿಡಿದಿದ್ದೆ.

ಗೆಳತಿ ಮಾತ್ರ ದಕ್ಷಿಣದ ಆಕಾಶವನ್ನೇ ನೋಡುತ್ತಿದ್ದಳು. ಬೆಳಿಗ್ಗೆ ಹತ್ತಿಯ ಉಂಡೆಯಂತಿದ್ದ ಮೋಡ ಈಗ ಹೂಕೋಸಿನ ಹಾಗೆ ಮೇಲಕ್ಕೆ ಉಬ್ಬಿತ್ತು, ಬುಡ ಕಪ್ಪಾಗಿತ್ತು. ‘ವಾಪಸ್ ಹೋಗೋಣ ಕಣೇ’ ಎಂದಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಇಷ್ಟು ದೂರ ಬಂದು, ಇಷ್ಟು ಕಷ್ಟಪಟ್ಟು ಹತ್ತಿ, ಕೊನೆ ಕಣ್ಣಿಗೆ ಕಾಣುವಾಗ ವಾಪಸ್ಸಾ?

ಕಳೆದ ಜುಲೈನ ಒಂದು ಶನಿವಾರ, ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಮರುಭೂಮಿಯಲ್ಲಿ, ಸುಮಾರು ಏಳು ಸಾವಿರ ಅಡಿ ಎತ್ತರದ ಚಪ್ಪಟೆ ಬೆಟ್ಟವೊಂದರ ನೆತ್ತಿಯ ಮೇಲೆ ನಡೆದ ಜಗಳವಿದು. ಬೆಟ್ಟದ ಹೆಸರು ಕಿಚನ್ ಮೇಸಾ. ಅಂದು ನಾನು ಯಾಕೆ ಅಷ್ಟು ಹಟ ಮಾಡಿದೆ ಎಂಬುದು ಬೆಟ್ಟ ಇಳಿದ ಮೇಲಷ್ಟೇ ನನಗೆ ಅರ್ಥವಾಯಿತು.

ಕೆಂಪು ಕಲ್ಲಿನ ಊರಿಂದ ಬಂದವಳು

ನಾನು ಬಾದಾಮಿಯ ಹುಡುಗಿ. ಕೆಂಪು ಬಂಡೆಗಳ ನಡುವಿನ ಕಿರಿದಾದ ಸಂದಿಗಳಲ್ಲಿ ಹತ್ತಿ ಇಳಿದು, ಮಂಗಗಳಿಂದ ತಿಂಡಿ ಪೊಟ್ಟಣ ಕಾಪಾಡಿಕೊಂಡು ಬೆಳೆದವಳು. ಸಿವಿಲ್ ಎಂಜಿನಿಯರಿಂಗ್ ಮುಗಿಸಿ, ಬ್ಯಾಂಕಿನಲ್ಲಿ ಸಾಲ ಮಾಡಿ, ಮಣ್ಣು ಮತ್ತು ಅಡಿಪಾಯದ ವಿಷಯದಲ್ಲಿ ಎಂ.ಎಸ್. ಮಾಡಲು ನ್ಯೂ ಮೆಕ್ಸಿಕೊದ ದೊಡ್ಡ ಊರಾದ ಅಲ್ಬುಕರ್ಕಿಗೆ ಹೋದೆ. ಮೇ ತಿಂಗಳಲ್ಲಿ ಓದು ಮುಗಿಯಿತು. ಕೆಲಸ ಮಾತ್ರ ಸಿಗಲಿಲ್ಲ.

ಅಲ್ಲಿ ಓದು ಮುಗಿಸಿದ ವಿದೇಶಿ ವಿದ್ಯಾರ್ಥಿಗಳಿಗೆ ತಮ್ಮ ವಿಷಯದಲ್ಲಿ ಒಂದು ವರ್ಷ ಕೆಲಸ ಮಾಡಲು ‘ಒಪಿಟಿ’ ಎಂಬ ಅನುಮತಿ ಸಿಗುತ್ತದೆ. ಆದರೆ ಆ ವರ್ಷದಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಖಾಲಿ ಕೂರುವಂತಿಲ್ಲ. ಶನಿವಾರ, ಭಾನುವಾರ, ಹಬ್ಬ ಹುಣ್ಣಿಮೆ ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ. ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೆರೆ ಎಳೆಯುತ್ತಿದ್ದೆ. ಆ ಶನಿವಾರದ್ದು 61ನೇ ಗೆರೆ.

ಅದಕ್ಕೂ ಎರಡು ದಿನ ಮೊದಲು ಕನ್ಸಲ್ಟೆನ್ಸಿಯೊಂದರಿಂದ ಫೋನ್ ಬಂದಿತ್ತು. ‘ಇಷ್ಟು ಡಾಲರ್ ಕಟ್ಟಿ, ನಮ್ಮ ಕಂಪನಿಯಲ್ಲಿ ಕೆಲಸದಲ್ಲಿದ್ದೀರಿ ಅಂತ ಲೆಟರ್ ಕೊಡ್ತೇವೆ. ದಿನದ ಲೆಕ್ಕ ನಿಲ್ಲುತ್ತೆ. ನಿಜವಾದ ಕೆಲಸ ಆಮೇಲೆ ಹುಡುಕಿಕೊಳ್ಳಿ’ ಎಂದರು. ಸೋಮವಾರ ಹೇಳುತ್ತೇನೆ ಎಂದಿದ್ದೆ. ಯಾರಿಗೂ ಹೇಳಿರಲಿಲ್ಲ.

ನನ್ನ ಮುಖ ನೋಡಿಯೇ ಏನೋ ಸರಿಯಿಲ್ಲ ಎಂದುಕೊಂಡ ಗೆಳತಿ, ‘ಲ್ಯಾಪ್‌ಟಾಪ್ ಮುಚ್ಚು, ಬಾ ಬೆಟ್ಟ ಹತ್ತೋಣ’ ಎಂದಳು. ಹಾಸನದ ಕಡೆಯವಳು, ನನಗಿಂತ ಒಂದು ವರ್ಷ ಹಿರಿಯಳು, ಆಗಲೇ ಕೆಲಸದಲ್ಲಿದ್ದಳು. ಊರಿಗೆ ಫೋನ್ ಮಾಡಿ ಹೇಳಿದಾಗ ಅವ್ವ ನಕ್ಕಳು: ‘ಕೆಂಪು ಕಲ್ಲು ನೋಡಾಕ ಅಮೆರಿಕಾಕ್ಕ ಹೋಗಬೇಕಿತ್ತೇನವ್ವಾ? ನಮ್ಮೂರಾಗ ಕಲ್ಲಿಗೇನು ಬರ ಬಂದಿತ್ತಾ?’

ದೆವ್ವದ ಹೆಸರಿನ ಜಾಗ

ಕಿಚನ್ ಮೇಸಾ ಇರುವುದು ಗೋಸ್ಟ್ ರಾಂಚ್ ಎಂಬ 21 ಸಾವಿರ ಎಕರೆಯ ಜಾಗದಲ್ಲಿ. ಅಲ್ಬುಕರ್ಕಿಯಿಂದ ಉತ್ತರಕ್ಕೆ ಎರಡು ಗಂಟೆಗೂ ಹೆಚ್ಚಿನ ದಾರಿ. ಹಿಂದೆ ಇಲ್ಲಿ ಕದ್ದ ದನಗಳನ್ನು ಬಚ್ಚಿಡುತ್ತಿದ್ದ ಕಳ್ಳರು, ಜನ ಹತ್ತಿರ ಸುಳಿಯದಿರಲಿ ಎಂದು ದೆವ್ವದ ಸುದ್ದಿ ಹಬ್ಬಿಸಿದರಂತೆ. ಹೆಸರು ಹಾಗೇ ಉಳಿದಿದೆ. ಖ್ಯಾತ ಚಿತ್ರಕಲಾವಿದೆ ಜಾರ್ಜಿಯಾ ಓಕೀಫ್ 1940ರಲ್ಲಿ ಇಲ್ಲೊಂದು ಮನೆ ಕೊಂಡು, ಈ ಕೆಂಪು ಬೆಟ್ಟಗಳನ್ನೇ ಮತ್ತೆ ಮತ್ತೆ ಬರೆದರು. 2023ರಲ್ಲಿ ತೆರೆಕಂಡ ‘ಆಪನ್‌ಹೈಮರ್’ ಸಿನಿಮಾಕ್ಕೆ ಲಾಸ್ ಅಲಮೋಸ್ ಊರಿನ ಸೆಟ್ ಹಾಕಿದ್ದೂ ಇಲ್ಲೇ.

ಇನ್ನೂ ಹಳೆಯ ನಿವಾಸಿಗಳ ಕಥೆಯೂ ಇದೆ. 1947ರಲ್ಲಿ ಎಡ್ವಿನ್ ಕೋಲ್ಬರ್ಟ್ ಎಂಬ ವಿಜ್ಞಾನಿಯ ತಂಡಕ್ಕೆ ಇಲ್ಲಿನ ಕೆಂಪು ಮಣ್ಣಿನ ಪದರದಲ್ಲಿ ಸೀಲೋಫೈಸಿಸ್ ಎಂಬ ಸಣ್ಣ ಡೈನೊಸಾರ್‌ಗಳ ಅಸ್ಥಿಗಳು ರಾಶಿಗಟ್ಟಲೆ ಸಿಕ್ಕವು. ಇಪ್ಪತ್ತು ಕೋಟಿ ವರ್ಷಕ್ಕೂ ಹಿಂದೆ ಬದುಕಿದ್ದ ಪ್ರಾಣಿಯದು. ಈಗ ಅದು ನ್ಯೂ ಮೆಕ್ಸಿಕೊದ ಅಧಿಕೃತ ರಾಜ್ಯ ಪಳೆಯುಳಿಕೆ. ನಮ್ಮಲ್ಲಿ ರಾಜ್ಯಪಕ್ಷಿ ಇರುವ ಹಾಗೆ!

ಮೇಸಾ ಎಂದರೆ ಸ್ಪ್ಯಾನಿಷ್‌ನಲ್ಲಿ ಮೇಜು. ಕೇಳಿದರೆ ನಮ್ಮ ‘ಮೇಜು’ವೇ ನೆನಪಾಗುವ ಪದ. ಬೆಟ್ಟವೂ ಹಾಗೇ ಇದೆ: ನೆತ್ತಿ ಚಪ್ಪಟೆ, ಬದಿ ಕಡಿದಾದ ಗೋಡೆ. ಮೇಲೆ ಗಟ್ಟಿ ಕಲ್ಲಿನ ಹಾಸು, ಕೆಳಗೆ ಮೆತ್ತನೆಯ ಪದರ ಇದ್ದಾಗ ಇಂಥ ಬೆಟ್ಟ ಹುಟ್ಟುತ್ತದೆ. ಮಳೆ ಕೆಳಗಿನ ಮೆತ್ತನೆಯ ಪದರವನ್ನು ಕೊರೆಯುತ್ತದೆ. ಆಸರೆ ತಪ್ಪಿದ ಮೇಲಿನ ಕಲ್ಲು ನೇರವಾಗಿ ಮುರಿದು ಬೀಳುತ್ತದೆ. ಹೀಗೆ ಬದಿ ಸವೆಯುತ್ತಾ ಹೋಗುತ್ತದೆಯೇ ಹೊರತು ನೆತ್ತಿ ಚಪ್ಪಟೆಯಾಗಿಯೇ ಉಳಿಯುತ್ತದೆ.

ಬಣ್ಣಕ್ಕೆ ಕಾರಣ ಕಬ್ಬಿಣದ ಅಂಶ. ತುಕ್ಕು ಹಿಡಿದ ಕಬ್ಬಿಣಕ್ಕೆ ಬರುವ ಕೆಂಪೇ ಇದು. ಬಾದಾಮಿಯ ಬಂಡೆಗೂ ಅದೇ ಕಾರಣಕ್ಕೆ ಅದೇ ಬಣ್ಣ. ವ್ಯತ್ಯಾಸವೆಂದರೆ ನಮ್ಮೂರಿನ ಕಲ್ಲು ಡೈನೊಸಾರ್‌ಗಳು ಹುಟ್ಟುವುದಕ್ಕಿಂತ ಎಷ್ಟೋ ಮೊದಲಿನದು. ಅವ್ವ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ!

ಹದಿನೈದು ಅಡಿಯ ಸಂದು

ನಸುಕಿನಲ್ಲಿ ಹೊರಡುವ ಮಾತಾಗಿತ್ತು. ಎದ್ದದ್ದೇ ಆರೂವರೆಗೆ. ಅಲ್ಲಿನ ಕೌಂಟರಿನಲ್ಲಿ ಹೆಸರು ಬರೆಸಿ, ಶುಲ್ಕ ಕಟ್ಟಿ ಹೊರಡುವಾಗ ಒಂಬತ್ತೂವರೆ. ‘ಜುಲೈನಲ್ಲಿ ಮಧ್ಯಾಹ್ನ ಗುಡುಗು ಮಳೆ ಬರುತ್ತೆ, ಹನ್ನೆರಡರ ಹೊತ್ತಿಗೆ ಮೇಲಿಂದ ಇಳಿದುಬಿಡಿ’ ಎಂದು ಅಲ್ಲಿದ್ದ ಹೆಂಗಸು ಎಚ್ಚರಿಸಿದರು. ಅಲ್ಲಿಯೂ ಇದನ್ನು ಮಾನ್ಸೂನ್ ಎಂದೇ ಕರೆಯುತ್ತಾರೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಬೆಳಿಗ್ಗೆ ಶುಭ್ರ ಆಕಾಶ, ಮಧ್ಯಾಹ್ನ ಏಕಾಏಕಿ ಸಿಡಿಲು. ತಲೆಯೆತ್ತಿ ನೋಡಿದೆವು. ಮೋಡದ ಸುಳಿವೇ ಇರಲಿಲ್ಲ. ತಲೆಯಾಡಿಸಿ ಹೊರಟೆವು.

ಹೋಗಿ ಬರಲು ಸುಮಾರು ಎಂಟು ಕಿಲೊಮೀಟರ್, ಏರು ಸುಮಾರು 600 ಅಡಿ. ಹೇಳಲು ಸುಲಭ. ಆದರೆ ಹೊರಡುವ ಜಾಗವೇ ಆರು ಸಾವಿರ ಅಡಿಗಿಂತ ಎತ್ತರದಲ್ಲಿದೆ. ಉಸಿರು ಬೇಗ ಸೋಲುತ್ತದೆ. ಗಾಳಿ ಎಷ್ಟು ಒಣಗಿರುತ್ತದೆಂದರೆ ಬೆವರು ಕಾಣಿಸುವುದಕ್ಕೂ ಮೊದಲೇ ಆರಿಹೋಗುತ್ತದೆ. ಬೆವರೇ ಬರುತ್ತಿಲ್ಲ ಎಂದುಕೊಂಡು ನೀರು ಕುಡಿಯದೇ ಇದ್ದರೆ ಕೆಟ್ಟಿರಿ. ತಲಾ ಮೂರು ಲೀಟರ್ ನೀರು, ಅವ್ವ ಕಳಿಸಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ನಮ್ಮ ಬ್ಯಾಗಿನಲ್ಲಿದ್ದವು.

ಮೊದಲಿಗೇ ಒಂದು ಹಳ್ಳ ದಾಟಬೇಕು. ಅವರು ‘ಅರೋಯೊ’ ಎನ್ನುತ್ತಾರೆ. ನಮ್ಮ ಕಡೆಯ ಹಳ್ಳದ ಹಾಗೇ: ಮಳೆ ಬಂದರೆ ತುಂಬುತ್ತದೆ, ಇಲ್ಲದಿದ್ದರೆ ಬರೀ ಉಸುಕು. ಶೂ ಒದ್ದೆಯಾಗದ ಹಾಗೆ ಕಲ್ಲಿನಿಂದ ಕಲ್ಲಿಗೆ ಜಿಗಿದು ದಾಟಿದೆವು. ಆಮೇಲೆ ಜುನಿಪರ್ ಗಿಡಗಳು, ಪಾಪಾಸುಕಳ್ಳಿ, ಎರಡೂ ಬದಿ ಕೆಂಪು, ಹಳದಿ, ಕೆನೆಬಣ್ಣದ ಪಟ್ಟೆಗಳ ಗೋಡೆ. ಏರು ಶುರುವಾದ ಮೇಲೆ ಕಾಲುದಾರಿ ಎಂಬುದು ಅಲ್ಲಲ್ಲಿ ಮಾಯವಾಗುತ್ತದೆ. ಬಂಡೆಯ ಮೇಲೆ ಹೆಜ್ಜೆ ಗುರುತು ಎಲ್ಲಿ ಉಳಿಯಬೇಕು? ಒಂದರ ಮೇಲೊಂದು ಪೇರಿಸಿಟ್ಟ ಕಲ್ಲಿನ ಗುಪ್ಪೆಗಳೇ ದಿಕ್ಕು. ಒಂದು ಗುಪ್ಪೆ ಮುಟ್ಟಿ, ಮುಂದಿನದು ಕಂಡ ಮೇಲೆಯೇ ಹೊರಡಬೇಕು.

ಬೆಟ್ಟದ ಅಂಚಿಗೆ ಬಂದಾಗ ದಾರಿ ನಿಂತೇಹೋಯಿತು. ಎದುರಿಗೆ ಗೋಡೆ. ಗೋಡೆಯಲ್ಲಿ ಒಂದು ಸಂದು. ಒಬ್ಬರು ಹಿಡಿಸುವಷ್ಟು ಅಗಲ, ಸುಮಾರು ಹದಿನೈದು ಅಡಿ ಎತ್ತರ. ಅದರೊಳಗೆ ನುಗ್ಗಿ, ಕೈಕಾಲು ಎರಡೂ ಬಳಸಿ ಹತ್ತಬೇಕು. ಹಗ್ಗವಿಲ್ಲ, ಕಂಬಿಯಿಲ್ಲ. ಗೆಳತಿ ಬೆವರಿದಳು. ನನಗೋ ಬಾಲ್ಯ ನೆನಪಾಯಿತು. ಬೆನ್ನು ಒಂದು ಗೋಡೆಗೆ ಒತ್ತಿ, ಕಾಲನ್ನು ಎದುರಿನ ಗೋಡೆಗೆ ಊರಿ, ಒಂದು ಹಿಡಿ ಸಿಕ್ಕ ಮೇಲೆ ಇನ್ನೊಂದು. ಮೊದಲು ನಾನು ಹತ್ತಿದೆ, ಅವಳು ಎತ್ತಿಕೊಟ್ಟ ಬ್ಯಾಗ್‌ಗಳನ್ನು ಎಳೆದುಕೊಂಡೆ, ಆಮೇಲೆ ಅವಳ ಕೈ ಹಿಡಿದೆ. ಎರಡು ತಿಂಗಳಿಂದ ‘ವಿಷಾದಿಸುತ್ತೇವೆ’ ಎಂಬ ಇ-ಮೇಲ್‌ಗಳನ್ನೇ ಓದುತ್ತಿದ್ದ ನನಗೆ, ನನ್ನಿಂದ ಒಂದು ಕೆಲಸವಾದರೂ ಆಗುತ್ತದೆ ಎನ್ನಿಸಿದ್ದು ಆ ಸಂದಿನ ತುದಿಯಲ್ಲಿ.

ಗುಡುಗು ಎಣಿಸುತ್ತಾ

ಮೇಲೆ ಬಂದಾಗ ಹನ್ನೊಂದೂ ಕಾಲು. ನೆತ್ತಿಯ ಮೇಲೆ ಅಂಚನ್ನು ಬಳಸಿಕೊಂಡು ದಾರಿ ಬೆಟ್ಟದ ಮೂತಿಯವರೆಗೆ ಹೋಗುತ್ತದೆ. ಅಲ್ಲಿ ನೆಲದ ಬಣ್ಣವೇ ಬದಲಾಗಿ ಬಿಳಿಯಾಗುತ್ತದೆ. ಅದು ಜಿಪ್ಸಂ. ಗಣೇಶನ ಮೂರ್ತಿಗೆ ಬಳಸುವ ಪ್ಲಾಸ್ಟರ್ ಆಫ್ ಪ್ಯಾರಿಸ್ ತಯಾರಾಗುವುದು ಇದರಿಂದಲೇ. ಡೈನೊಸಾರ್‌ಗಳ ಕಾಲದಲ್ಲಿ ಇಲ್ಲಿದ್ದ ನೀರು ಬತ್ತಿ ಉಳಿಸಿಹೋದ ಪದರವದು. ಕೆಳಗಿನ ಮೆತ್ತನೆಯ ಕೆಂಪು ಗೋಡೆಗಳಿಗೆ ಅದೇ ಟೋಪಿ.

ಆ ಬಿಳಿ ಮೂತಿ ಕಣ್ಣಿಗೆ ಕಾಣುತ್ತಿತ್ತು. ಕೈ ಚಾಚಿದರೆ ಸಿಗುವ ಹಾಗಿತ್ತು. ಅಷ್ಟರಲ್ಲಿ ಪೆಡರ್ನಾಲ್ ಪರ್ವತದ ಬೆನ್ನಿನಿಂದ ಮೋಡ ಎದ್ದಿತು. ಗಂಟೆ ಹನ್ನೊಂದು ನಲವತ್ತು.

‘ಹತ್ತೇ ನಿಮಿಷ’ ಎಂದು ನಾನು ವಾದ ಮಾಡುತ್ತಿರುವಾಗಲೇ ದೂರದಲ್ಲಿ ಒಂದು ಗೆರೆ ಮಿಂಚಿತು. ಗೆಳತಿ ಬಾಯಿಬಿಟ್ಟು ಎಣಿಸತೊಡಗಿದಳು. ಒಂದು, ಎರಡು, ಮೂರು... ಇಪ್ಪತ್ತನಾಲ್ಕಕ್ಕೆ ಗುಡುಗು ಕೇಳಿಸಿತು. ಶಬ್ದ ಒಂದು ಕಿಲೊಮೀಟರ್ ಬರಲು ಸುಮಾರು ಮೂರು ಸೆಕೆಂಡು ಬೇಕು. ಅಂದರೆ ಸಿಡಿಲು ಎಂಟು ಕಿಲೊಮೀಟರ್ ದೂರದಲ್ಲಿತ್ತು. ಮಿಂಚಿಗೂ ಗುಡುಗಿಗೂ 30 ಸೆಕೆಂಡಿಗಿಂತ ಕಡಿಮೆ ಅಂತರವಿದ್ದರೆ ಬಯಲಲ್ಲಿ ನಿಲ್ಲಬಾರದು, ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಆಸರೆ ಬಿಟ್ಟು ಹೊರಗೆ ಬರಬಾರದು ಎಂಬುದು ಚಾರಣಿಗರ ಲೆಕ್ಕ. ಆ ಬೋಳು ನೆತ್ತಿಯ ಮೇಲೆ ಎಲ್ಲಕ್ಕಿಂತ ಎತ್ತರವಾಗಿ ನಿಂತಿದ್ದವರು ನಾವಿಬ್ಬರೇ.

‘ನೀನು ಬೇಕಾದ್ರೆ ಹೋಗು, ನಾನಂತೂ ಇಳೀತೀನಿ. ಆದ್ರೆ ಆ ಸಂದಲ್ಲಿ ನಾನೊಬ್ಬಳೇ ಇಳಿಯೋಕಾಗಲ್ಲ’ ಎಂದಳು. ಸಿಟ್ಟಿನಲ್ಲೇ ತಿರುಗಿದೆ. ಸಂದು ತಲುಪುವಷ್ಟರಲ್ಲಿ ಲೆಕ್ಕ ಹದಿನೈದಕ್ಕೆ ಇಳಿದಿತ್ತು.

ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಹತ್ತುವಾಗ ಹಿಡಿ ಕಣ್ಣೆದುರು ಇರುತ್ತದೆ, ಇಳಿಯುವಾಗ ಕಾಲೇ ಹುಡುಕಿಕೊಳ್ಳಬೇಕು. ಮುಖ ಬಂಡೆಯ ಕಡೆ ಮಾಡಿ ನಾನು ಮೊದಲು ಇಳಿದೆ. ಆಮೇಲೆ ಕೆಳಗೆ ನಿಂತು ಅವಳ ಒಂದೊಂದೇ ಪಾದವನ್ನು ಹಿಡಿದು ಸರಿಯಾದ ಮೆಟ್ಟಿನ ಮೇಲೆ ಇಟ್ಟೆ. ‘ಬಲಗಾಲು ಇನ್ನೂ ಕೆಳಗೆ. ಇನ್ನೂ. ಹಾಂ, ಬಿಡು.’ ಬಂಡೆ ಇನ್ನೂ ಒಣಗಿತ್ತು. ಒದ್ದೆಯಾಗಿದ್ದರೆ ಏನಾಗುತ್ತಿತ್ತೋ ಎಂಬ ಯೋಚನೆ ಆಗ ಬರಲಿಲ್ಲ. ರಾತ್ರಿ ಹಾಸಿಗೆಯಲ್ಲಿ ಬಂತು.

ಹಳ್ಳ ದಾಟುವಾಗ ಒಂದು ಗಂಟೆ. ಮೊದಲ ದಪ್ಪ ಹನಿಗಳು ಬಿದ್ದವು. ಓಡಿ ಕಟ್ಟಡದ ಜಗಲಿ ಸೇರಿಕೊಂಡೆವು. ಅರ್ಧ ಗಂಟೆ ಜಡಿಮಳೆ. ಮಳೆ ಕೊಂಚ ಇಳಿದಾಗ ಹಳ್ಳದ ಕಡೆಯಿಂದ ಸದ್ದು ಕೇಳಿಸಿತು. ದೂರದಿಂದಲೇ ನೋಡಿದೆವು. ಬೆಳಿಗ್ಗೆ ಶೂ ಒದ್ದೆಯಾಗದಂತೆ ದಾಟಿದ್ದ ಜಾಗದಲ್ಲಿ ಕೆಂಪು ನೀರು ಕೊಂಬೆ ರೆಂಬೆಗಳನ್ನು ಎಳೆದುಕೊಂಡು ಹರಿಯುತ್ತಿತ್ತು. ನಾವು ಜಿಗಿದಿದ್ದ ಒಂದು ಕಲ್ಲೂ ಕಾಣಲಿಲ್ಲ. ಮರುಭೂಮಿಯ ಗಟ್ಟಿ ನೆಲ ನೀರು ಹೀರುವುದಿಲ್ಲ. ಬೆಟ್ಟದ ಮೇಲೆ ಬಿದ್ದದ್ದೆಲ್ಲ ಹಳ್ಳಕ್ಕೇ ಬರುತ್ತದೆ. ಇದನ್ನು ನಾನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡವಳು!

ಗೆಳತಿ ಏನೂ ಹೇಳಲಿಲ್ಲ. ‘ನೋಡಿದೆಯಾ, ನಾನು ಹೇಳಿರಲಿಲ್ವಾ’ ಎಂದೂ ಅನ್ನಲಿಲ್ಲ. ಬ್ಯಾಗಿನಿಂದ ರೊಟ್ಟಿ ತೆಗೆದು ಮುರಿದು ಕೊಟ್ಟಳು.

ಸೋಮವಾರದ ಫೋನ್

ವಾಪಸ್ ಬರುವಾಗ ಕಾರಿನಲ್ಲಿ ಕನ್ಸಲ್ಟೆನ್ಸಿಯ ವಿಷಯ ಬಾಯಿಬಿಟ್ಟೆ. ಬೆಟ್ಟದ ಮೇಲೆ ಮಾಡಿದ ವಾದವನ್ನೇ ಅಲ್ಲೂ ಮಾಡಿದೆ: ಇಷ್ಟು ಸಾಲ ಮಾಡಿ ಬಂದಿದ್ದೇನೆ, ಅಪ್ಪ ಮನೆ ಪತ್ರ ಅಡ ಇಟ್ಟಿದ್ದಾರೆ, ಎರಡು ವರ್ಷ ಓದಿದ್ದೇನೆ, ಈಗ ಬಿಟ್ಟು ಹೋಗುವುದು ಹೇಗೆ? ಹೇಳುತ್ತಾ ಹೇಳುತ್ತಾ ನನ್ನ ದನಿ ನನಗೇ ಕೇಳಿಸಿತು. ಬಂದ ದೂರವನ್ನೇ ಲೆಕ್ಕ ಹಾಕುತ್ತಿದ್ದೆನೇ ಹೊರತು ಎದುರಿಗಿದ್ದ ಮೋಡ ನೋಡುತ್ತಿರಲಿಲ್ಲ. ಮಾಡದ ಕೆಲಸ ಮಾಡುತ್ತಿದ್ದೇನೆಂದು ಸರ್ಕಾರಕ್ಕೆ ತಿಳಿಸುವುದೆಂದರೆ ಸುಳ್ಳು ದಾಖಲೆ. ಸಿಕ್ಕಿಬಿದ್ದರೆ ಮುಂದೆ ಯಾವ ವೀಸಾಕ್ಕೂ ಅದು ಅಡ್ಡ ಬರುತ್ತದೆ. ಇದೆಲ್ಲ ಗೊತ್ತಿದ್ದೂ ‘ಹತ್ತೇ ನಿಮಿಷ’ ಎನ್ನುತ್ತಿದ್ದೆ.

ಸೋಮವಾರ ಫೋನ್ ಮಾಡಿ ಬೇಡವೆಂದೆ. ಆಮೇಲೆ ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಹೋಗಿ ಕೂತೆ. ಮೊದಲ ದಿನವೇ ಮಾಡಬೇಕಿದ್ದ ಕೆಲಸವದು. ಒಪಿಟಿಯ ಮೊದಲ ವರ್ಷದಲ್ಲಿ, ಓದಿದ ವಿಷಯಕ್ಕೇ ಸಂಬಂಧಿಸಿದ್ದಾದರೆ, ಕಾರ್ಮಿಕ ಕಾನೂನು ಮೀರದಿದ್ದರೆ, ವಾರಕ್ಕೆ ಕನಿಷ್ಠ 20 ಗಂಟೆಯ ಸಂಬಳವಿಲ್ಲದ ಕೆಲಸವೂ ಉದ್ಯೋಗವೆಂದೇ ಲೆಕ್ಕ ಎಂದು ಅಲ್ಲಿ ತಿಳಿಯಿತು. ನನ್ನ ಪ್ರೊಫೆಸರ್‌ಗೆ ಬರೆದೆ. ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಜಾಗ ಕೊಟ್ಟರು. ಕ್ಯಾಲೆಂಡರಿನ ಗೆರೆ 69ಕ್ಕೆ ನಿಂತಿತು.

ಈ ಬರಹ ಬರೆಯುವಾಗಲೂ ನನಗೆ ಸಂಬಳದ ಕೆಲಸ ಸಿಕ್ಕಿಲ್ಲ. ಸಂಜೆ ಅರ್ಜಿ ಹಾಕುತ್ತೇನೆ, ಗೆಳತಿಯ ಮನೆಯಲ್ಲೇ ಇದ್ದೇನೆ. ಮೇ ತಿಂಗಳೊಳಗೆ ಸಿಗದಿದ್ದರೆ ಊರಿಗೆ ಬರುತ್ತೇನೆ ಎಂದು ಅಪ್ಪನಿಗೆ ಹೇಳಿದೆ. ‘ಬಾರವ್ವಾ, ಸಾಲ ಇಲ್ಲಿ ದುಡಿದ್ರೂ ತೀರತೈತಿ’ ಎಂದರು. ಆ ಮಾತನ್ನು ಅವರ ಬಾಯಿಂದ ಕೇಳಲು ಇಷ್ಟು ದಿನ ನಾನೇ ಬಿಟ್ಟಿರಲಿಲ್ಲ.

ಮತ್ತೆ ಅಕ್ಟೋಬರ್

ಅಕ್ಟೋಬರಿನಲ್ಲಿ ನಾವಿಬ್ಬರೂ ಮತ್ತೆ ಹೋದೆವು. ಈ ಸಲ ಬಾಗಿಲು ತೆಗೆಯುವ ಹೊತ್ತಿಗೇ ಕೌಂಟರಿನ ಮುಂದಿದ್ದೆವು. ಹಳ್ಳದ ಬದಿಯ ಕಾಟನ್‌ವುಡ್ ಮರಗಳ ಎಲೆ ಹಳದಿಯಾಗಿತ್ತು. ಆಕಾಶ ಸಂಜೆಯವರೆಗೂ ನೀಲಿಯಾಗಿಯೇ ಇತ್ತು. ಸಂದಿನಲ್ಲಿ ಗೆಳತಿ ನನ್ನ ಕೈ ಕೇಳಲಿಲ್ಲ.

ಜುಲೈನಲ್ಲಿ ನಾವು ಜಗಳವಾಡಿದ್ದ ಬಂಡೆ ಸಿಕ್ಕಿತು. ಅಲ್ಲಿಂದ ಬಿಳಿ ಮೂತಿಗೆ ಎಷ್ಟು ಹೊತ್ತು ಹಿಡಿಯುತ್ತದೆ ನೋಡೋಣ ಎಂದು ಗಡಿಯಾರ ನೋಡಿಕೊಂಡು ಹೊರಟೆ. ದಾರಿ ನೇರವಾಗಿರಲಿಲ್ಲ. ಅಂಚಿನ ಒಂದೊಂದು ಕೊರಕಲನ್ನೂ ಬಳಸಿಕೊಂಡೇ ಹೋಗಬೇಕಿತ್ತು. ಕಾಲಡಿ ಜಿಪ್ಸಂ ಪುಡಿ ಸುಣ್ಣದ ಹಾಗೆ ಮೆತ್ತಿತು. ಕೊನೆಗೆ ತುದಿಯಲ್ಲಿ ಕೂತೆವು. ಎದುರಿಗೆ ಅಬಿಕ್ಯೂ ಜಲಾಶಯದ ನೀಲಿ. ಅದರಾಚೆ ನೆತ್ತಿ ಕತ್ತರಿಸಿದಂತಿರುವ ಪೆಡರ್ನಾಲ್. ಓಕೀಫ್ ಅವರ ಚಿತಾಭಸ್ಮ ಚೆಲ್ಲಿದ್ದು ಅದರ ಮೇಲೆಯೇ. ಚಂದವೋ ಚಂದ.

ಗಡಿಯಾರ ನೋಡಿದೆ. ಹತ್ತು ನಿಮಿಷ ಎಂದಿದ್ದ ದಾರಿಗೆ ಇಪ್ಪತ್ತೆಂಟು ನಿಮಿಷ ಹಿಡಿದಿತ್ತು. ಧೂಳು, ತೇವ ಇಲ್ಲದ ಮರುಭೂಮಿಯ ಗಾಳಿಯಲ್ಲಿ ದೂರದ್ದೂ ಹತ್ತಿರವೇ ಕಾಣುತ್ತದೆ. ಅಂದು ಹೋಗಿದ್ದರೆ, ಹೋಗಿ ಬರಲು ಸುಮಾರು ಒಂದು ಗಂಟೆ. ಮಳೆ ಬೀಳುವಾಗ ನಾವು ಸಂದಿನ ಬಾಯಲ್ಲಿರುತ್ತಿದ್ದೆವು.

ಇದನ್ನು ಗೆಳತಿಗೆ ಹೇಳಿದೆ. ಅವಳು ರೊಟ್ಟಿ ಅಗಿಯುತ್ತಲೇ, ‘ಚಟ್ನಿ ಖಾಲಿ ಆಯ್ತು. ಅಮ್ಮಂಗೆ ಇನ್ನೊಂದು ಡಬ್ಬಿ ಕಳ್ಸೋಕೆ ಹೇಳು’ ಎಂದಳು.